ಮೊದಲು ಬಿಡಬೇಕಾದ್ದು ಸಂಜೆಯ ಲೋಟ

ಕೆಜಿಎಫ್‌ನ ಮಾರಿಕುಪ್ಪಂನಿಂದ ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ಕೆಲಸಕ್ಕೆ ಹೋಗುವವರನ್ನು ದಿನಕ್ಕೆ ಎಷ್ಟು ಟೀ ಕುಡಿಯುತ್ತೀರಿ ಎಂದು ಕೇಳಿದರೆ ‘ಎರಡೋ ಮೂರೋ’ ಎನ್ನುತ್ತಾರೆ. ಮನೆಯಲ್ಲಿ ಕುಡಿದದ್ದು ಮಾತ್ರ ಅವರ ನೆನಪಿನಲ್ಲಿರುತ್ತದೆ. ಏಳುತ್ತಲೇ ಒಂದು ಫಿಲ್ಟರ್ ಕಾಫಿ, ಬಂಗಾರಪೇಟೆ ಜಂಕ್ಷನ್ನಿನಲ್ಲಿ ಒಂದು ಟೀ, ಕೆಲಸದ ಜಾಗದಲ್ಲಿ ಹನ್ನೊಂದಕ್ಕೊಂದು, ಊಟವಾದ ಮೇಲೊಂದು, ನಾಲ್ಕು ಗಂಟೆಗೊಂದು, ವಾಪಸು ರೈಲಿಗೆ ಕಾಯುವಾಗ ಒಂದು, ರಾತ್ರಿ ಮನೆ ಸೇರಿದ ಮೇಲೆ ಮತ್ತೊಂದು ಕಾಫಿ. ಒಟ್ಟು ಏಳು ಲೋಟ.

ಕೆಜಿಎಫ್‌ನಲ್ಲಿ ಇದನ್ನು ಬರೀ ನಾಲಗೆಯ ಚಟ ಎಂದು ತಳ್ಳಿಹಾಕುವುದು ಅನ್ಯಾಯ. ಗಣಿ ಪಾಳಿಯ ಮೇಲೆ ನಡೆಯುತ್ತಿದ್ದ ಊರು ಇದು. ರಾತ್ರಿ ಪಾಳಿಗೆ ಇಳಿಯುವವರಿಗೂ ಮುಗಿಸಿ ಬರುವವರಿಗೂ ಬಿಸಿ ಲೋಟವೊಂದು ಬೇಕಿತ್ತು. ಭಾರತ್ ಗೋಲ್ಡ್ ಮೈನ್ಸ್ 2001ರ ಫೆಬ್ರವರಿ 28ರಂದು ಮುಚ್ಚಿತು. ಆಮೇಲೆ ಸಾವಿರಾರು ಮನೆಗಳ ದುಡಿಮೆ ರೈಲು ಹತ್ತಿ ಬೆಂಗಳೂರಿಗೆ ಹೋಯಿತು. ಹೋಗಿ ಬರುವುದಕ್ಕೆ ಸುಮಾರು ಇನ್ನೂರು ಕಿಲೋಮೀಟರು. ಆ ಗಂಟೆಗಳೆಲ್ಲ ನಿದ್ದೆಯಿಂದಲೇ ಕಡಿತವಾಗುತ್ತವೆ. ಕಡಿಮೆಯಾದ ನಿದ್ದೆಯನ್ನು ಹಗಲಿಡೀ ಟೀಯಿಂದ ತುಂಬಿಸುತ್ತೇವೆ, ಆ ಟೀಯೇ ರಾತ್ರಿಯ ನಿದ್ದೆಯನ್ನು ಇನ್ನಷ್ಟು ಕೆಡಿಸುತ್ತದೆ. ಈ ಸುತ್ತನ್ನು ಸಂಜೆಯ ಕಡೆಯಿಂದ ಬಿಡಿಸುತ್ತ ಬರುವುದು ಸುಲಭ ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಬೆಳಗಿನ ಕಾಫಿ ಬಿಡಿ ಎಂದು ನಾನು ಯಾರಿಗೂ ಹೇಳುವುದಿಲ್ಲ.

ದಿನದ ಲೆಕ್ಕ

ಹೈದರಾಬಾದಿನ ರಾಷ್ಟ್ರೀಯ ಪೋಷಣೆ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿಯ ಪ್ರಕಾರ ದಿನಕ್ಕೆ 300 ಮಿಲಿಗ್ರಾಂ ಕೆಫೀನ್ ಮೀರಬಾರದು. 150 ಮಿಲಿ ಲೀಟರಿನ ಒಂದು ಕಪ್ ಡಿಕಾಕ್ಷನ್ ಕಾಫಿಯಲ್ಲಿ 80ರಿಂದ 120 ಮಿಲಿಗ್ರಾಂ, ಇನ್‌ಸ್ಟಂಟ್ ಕಾಫಿಯಲ್ಲಿ 50ರಿಂದ 65, ಟೀಯಲ್ಲಿ 30ರಿಂದ 65 ಮಿಲಿಗ್ರಾಂ ಇರುತ್ತದೆ ಎಂದೂ ಅದು ಹೇಳುತ್ತದೆ. ಅಂಗಡಿಯ ಟೀ ಲೋಟ ಇದಕ್ಕಿಂತ ಚಿಕ್ಕದು ನಿಜ. ಆದರೆ ಡಸ್ಟ್ ಟೀಪುಡಿಯನ್ನು ಗಂಟೆಗಟ್ಟಲೆ ಕುದಿಸಿ ಕಡಕ್ ಮಾಡಿರುತ್ತಾರೆ.

ಮೇಲಿನ ಏಳು ಲೋಟಕ್ಕೆ ಇದನ್ನು ಹೊಂದಿಸಿ ನೋಡಿ. ಮನೆಯ ಎರಡು ಕಾಫಿಗೆ ನೂರು ನೂರು, ಹೊರಗಿನ ಐದು ಲೋಟಕ್ಕೆ ತಲಾ ಐವತ್ತರ ಆಸುಪಾಸು ಎಂದರೂ 450 ಆಯಿತು. ರಾತ್ರಿಯ ಕಾಫಿ ಮತ್ತು ವಾಪಸು ರೈಲಿನ ಟೀ, ಈ ಎರಡನ್ನೇ ಬಿಟ್ಟರೆ 300ಕ್ಕೆ ಬಂದು ನಿಲ್ಲುತ್ತದೆ. ಬೆಳಗಿನದನ್ನು ಮುಟ್ಟಲೇಬೇಕಾಗಿಲ್ಲ. ಬಸುರಿಯರ ಮಿತಿ ಬೇರೆ. ಅವರು 200 ಮಿಲಿಗ್ರಾಂ ದಾಟಬಾರದೆಂದು ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ ಹೇಳುತ್ತದೆ. ದಿನ ತುಂಬುತ್ತ ಬಂದಂತೆ ಅವರ ದೇಹದಿಂದ ಕೆಫೀನ್ ಹೊರಹೋಗುವುದೂ ತುಂಬ ನಿಧಾನವಾಗುತ್ತದೆ.

ಲೆಕ್ಕಕ್ಕೆ ಸಿಗದೆ ಒಳಗೆ ಹೋಗುವ ಕೆಫೀನೂ ಇದೆ. ಗ್ರೀನ್ ಟೀಯಲ್ಲಿ ಕೆಫೀನ್ ಇಲ್ಲ ಎಂದು ಬಹಳ ಮಂದಿ ನಂಬಿದ್ದಾರೆ, ಆದರೆ ಅದೂ ಟೀ ಗಿಡದ ಎಲೆಯೇ. ಲೆಮನ್ ಟೀಯೂ ಅಷ್ಟೆ. ತಲೆನೋವಿಗೆ ಮೆಡಿಕಲ್ ಸ್ಟೋರಿನಲ್ಲಿ ಕೇಳಿ ತೆಗೆದುಕೊಳ್ಳುವ ಕೆಲವು ಮಾತ್ರೆಗಳಲ್ಲಿ ಕೆಫೀನ್ ಸೇರಿಸಿರುತ್ತಾರೆ, ಹಾಳೆಯ ಹಿಂಬದಿ ಓದಿ. ಎನರ್ಜಿ ಡ್ರಿಂಕ್ ಬಗ್ಗೆ ನನಗೆ ನಿಜವಾಗಿ ಆತಂಕವಿದೆ. ನಮ್ಮ ದೇಶದ ನಿಯಮದಂತೆ ಅಂಥ ಪಾನೀಯದ ಒಂದು ಲೀಟರಿನಲ್ಲಿ 145ರಿಂದ 300 ಮಿಲಿಗ್ರಾಂವರೆಗೆ ಕೆಫೀನ್ ಇರಬಹುದು. ಮಕ್ಕಳಿಗೆ, ಬಸುರಿಯರಿಗೆ, ಹಾಲೂಡಿಸುವ ತಾಯಂದಿರಿಗೆ ತಕ್ಕದ್ದಲ್ಲ ಎಂದು ಅದರ ಮೇಲೆ ಬರೆದಿರಲೇಬೇಕು. ಆ ಅಕ್ಷರ ಎಷ್ಟು ಸಣ್ಣದೆಂದರೆ, ಅದನ್ನು ಕೊಳ್ಳುವ ಹೈಸ್ಕೂಲು ಹುಡುಗರ ಕಣ್ಣಿಗೆ ಬಾಟಲಿಯ ಬಣ್ಣ ಮಾತ್ರ ಬೀಳುತ್ತದೆ. ಮನೆಯಲ್ಲಿ ಹದಿಹರೆಯದ ಮಕ್ಕಳಿದ್ದರೆ ನಿಮ್ಮ ಟೀ ಕಡಿಮೆ ಮಾಡುವ ಮೊದಲು ಅವರ ಬ್ಯಾಗಿನಲ್ಲಿರುವ ಬಾಟಲಿ ಯಾವುದು ಎಂದು ವಿಚಾರಿಸಿ.

ಹಿಂದಿನಿಂದ ಬಿಡುತ್ತ ಬನ್ನಿ

ಎಚ್ಚರವಾಗಿದ್ದಷ್ಟು ಹೊತ್ತು ಮಿದುಳಿನಲ್ಲಿ ಅಡೆನೊಸಿನ್ ಎಂಬ ವಸ್ತು ಶೇಖರವಾಗುತ್ತ ಹೋಗುತ್ತದೆ. ಅದು ತನ್ನ ಜಾಗದಲ್ಲಿ ಹೋಗಿ ಕೂತಾಗ ನಮಗೆ ತೂಕಡಿಕೆ ಬರುತ್ತದೆ. ಕೆಫೀನ್ ಮೊದಲೇ ಬಂದು ಆ ಜಾಗವನ್ನು ಹಿಡಿದುಬಿಡುತ್ತದೆ, ರೈಲಿನ ಸೀಟಿಗೆ ಟವೆಲ್ ಹಾಕಿದ ಹಾಗೆ. ದಣಿವು ಹೋಗಿರುವುದಿಲ್ಲ, ನಿಂತು ಕಾಯುತ್ತಿರುತ್ತದೆ. ಕುಡಿದ ಕೆಫೀನಿನಲ್ಲಿ ಅರ್ಧ ಕರಗಲು ಸಾಮಾನ್ಯವಾಗಿ ಐದು ಗಂಟೆ ಬೇಕು. ರಾತ್ರಿ ಎಂಟಕ್ಕೆ ಗಟ್ಟಿ ಕಾಫಿ ಕುಡಿದವರ ಮೈಯಲ್ಲಿ ನಡುರಾತ್ರಿ ಒಂದು ಗಂಟೆಗೂ ಅದರ ಅರ್ಧ ಓಡಾಡುತ್ತಿರುತ್ತದೆ. ನಾಲ್ಕಕ್ಕೆ ಏಳಬೇಕಾದವರಿಗೆ ಇದು ಸಣ್ಣ ನಷ್ಟವಲ್ಲ. ಅಮೆರಿಕದಲ್ಲಿ 2013ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಮಲಗುವುದಕ್ಕೆ ಆರು ಗಂಟೆ ಮೊದಲು 400 ಮಿಲಿಗ್ರಾಂ ಕೆಫೀನ್ ತೆಗೆದುಕೊಂಡವರಿಗೂ ಒಂದು ಗಂಟೆಗಿಂತ ಹೆಚ್ಚು ನಿದ್ದೆ ಕಡಿಮೆಯಾಗಿತ್ತು. ‘ಕಾಫಿ ಕುಡಿದೇ ಮಲಗುತ್ತೇನೆ, ನಿದ್ದೆ ಚೆನ್ನಾಗಿ ಬರುತ್ತದೆ’ ಎನ್ನುವವರಿಗೆ ನಿದ್ದೆ ಬರುವುದು ನಿಜವಿರಬಹುದು. ಬೆಳಿಗ್ಗೆ ಎದ್ದಾಗ ಮೈ ಹಗುರಾಗಿದೆಯೇ ಎನ್ನುವುದನ್ನು ಕೇಳಿಕೊಳ್ಳಬೇಕು.

ಹಾಗಾಗಿ ಮೊದಲ ವಾರ ರಾತ್ರಿ ಮನೆಯ ಕಾಫಿ ಮಾತ್ರ ನಿಲ್ಲಿಸಿ. ಬೇರೆ ಯಾವುದನ್ನೂ ಮುಟ್ಟಬೇಡಿ. ಎರಡನೆಯ ವಾರ ವಾಪಸು ರೈಲಿನ ಟೀ. ಆಮೇಲೆ ನಾಲ್ಕು ಗಂಟೆಯದನ್ನು ಒನ್ ಬೈ ಟೂ ಮಾಡಿ. ನಮ್ಮ ಕಡೆಯ ಟೀ ಅಂಗಡಿಗಳ ಈ ಪದ್ಧತಿಯಷ್ಟು ಒಳ್ಳೆಯ ಉಪಾಯ ಯಾವ ವೈದ್ಯರ ಚೀಟಿಯಲ್ಲೂ ಸಿಗದು. ಗೆಳೆಯರ ಜೊತೆ ನಿಲ್ಲುವುದು ತಪ್ಪುವುದಿಲ್ಲ, ಕೈಯಲ್ಲಿ ಲೋಟವಿರುತ್ತದೆ, ಒಳಗೆ ಹೋಗುವುದು ಅರ್ಧ.

ಒಮ್ಮೆಗೇ ಎಲ್ಲವನ್ನೂ ಬಿಡಬೇಡಿ ಎಂದು ಒತ್ತಿ ಹೇಳುತ್ತೇನೆ. ದಿನವೂ ಕುಡಿಯುವವರು ಥಟ್ಟನೆ ನಿಲ್ಲಿಸಿದರೆ ಹನ್ನೆರಡರಿಂದ ಇಪ್ಪತ್ತನಾಲ್ಕು ಗಂಟೆಯೊಳಗೆ ತಲೆನೋವು ಶುರುವಾಗುತ್ತದೆ. ಒಂದೆರಡು ದಿನ ಜೋರಾಗಿದ್ದು, ಎರಡರಿಂದ ಒಂಬತ್ತು ದಿನದಲ್ಲಿ ಇಳಿಯುತ್ತದೆ. ಜೊತೆಗೆ ಆಲಸ್ಯ, ಸಿಡಿಮಿಡಿ, ಕೆಲವರಿಗೆ ವಾಕರಿಕೆ. ಭಾನುವಾರ ಮಾತ್ರ ತಲೆ ಸಿಡಿಯುತ್ತದೆ ಎನ್ನುವವರಲ್ಲಿ ಎಷ್ಟೋ ಮಂದಿಗೆ ಕಾರಣ ಇದೇ ಇರಬಹುದು. ವಾರದ ದಿನಗಳಲ್ಲಿ ಐದಾರು ಲೋಟ, ರಜೆಯ ದಿನ ತಡವಾಗಿ ಎದ್ದು ಒಂದೇ ಲೋಟ. ಅದಕ್ಕೆ ಮಾತ್ರೆ ನುಂಗಿ, ಆ ಮಾತ್ರೆಯಲ್ಲೂ ಕೆಫೀನ್ ಇದ್ದರೆ ನೋವು ಇಳಿಯುತ್ತದೆ, ಅಭ್ಯಾಸ ಅಲ್ಲೇ ಉಳಿಯುತ್ತದೆ. ರಾತ್ರಿ ಪಾಳಿ ಇರುವ ವಾರ, ಅಥವಾ ಸ್ಟೇಷನ್ನಿನಿಂದ ರಾತ್ರಿ ಬೈಕಿನಲ್ಲಿ ದೂರ ಹೋಗಬೇಕಾದವರು, ಈ ಪ್ರಯತ್ನವನ್ನು ರಜೆ ನೋಡಿಕೊಂಡು ಶುರುಮಾಡಲಿ. ತೂಕಡಿಸುತ್ತ ಗಾಡಿ ಓಡಿಸುವುದಕ್ಕಿಂತ ಒಂದು ಟೀ ಕುಡಿಯುವುದು ಮೇಲು.

ಬೀಡಿ, ಸಿಗರೇಟು ಬಿಡುತ್ತಿರುವವರಿಗೆ ಇನ್ನೊಂದು ಮಾತು. ಹೊಗೆ ಸೇದುವವರ ಮೈಯಿಂದ ಕೆಫೀನ್ ಬೇಗ ಹೊರಹೋಗುತ್ತದೆ. ಸೇದುವುದು ನಿಲ್ಲಿಸಿದ ಮೇಲೂ ಅಷ್ಟೇ ಟೀ ಕುಡಿದರೆ ಒಳಗೆ ಉಳಿಯುವುದು ಹೆಚ್ಚು ಕಡಿಮೆ ಎರಡರಷ್ಟು. ಎದೆ ಡವಡವ, ಕೈನಡುಕ, ನಿದ್ದೆಗೇಡು ಬಂದಾಗ ಬೀಡಿ ಬಿಟ್ಟದ್ದಕ್ಕೇ ಹೀಗಾಯಿತು ಎಂದುಕೊಂಡು ಮತ್ತೆ ಹಚ್ಚುತ್ತಾರೆ. ಬೀಡಿ ಬಿಡುವ ವಾರದಲ್ಲೇ ಟೀಯನ್ನೂ ಅರ್ಧಕ್ಕೆ ಇಳಿಸಿದರೆ ಎಷ್ಟೋ ಸಮಾಧಾನ.

ಮನೆಯ ಫಿಲ್ಟರಿನಲ್ಲೇ ಕಡಿಮೆ ಮಾಡುವ ದಾರಿಯೂ ಇದೆ. ರೊಬಸ್ಟಾ ಬೀಜದಲ್ಲಿ ಅರೇಬಿಕಾಕ್ಕಿಂತ ಸುಮಾರು ಎರಡು ಪಟ್ಟು ಕೆಫೀನ್ ಇರುತ್ತದೆ, ಹಾಗಾಗಿ ಪುಡಿ ಮಾಡಿಸುವಾಗ ಅರೇಬಿಕಾ ಹೆಚ್ಚು ಹಾಕಲು ಹೇಳಿ. ಚಿಕೋರಿ ಎಂದರೆ ಮೂಗು ಮುರಿಯುವವರು ಬಹಳ. ಅದು ಹುರಿದ ಬೇರಿನ ಪುಡಿ, ಅದರಲ್ಲಿ ಕೆಫೀನ್ ಇಲ್ಲವೇ ಇಲ್ಲ. 1806ರಲ್ಲಿ ನೆಪೋಲಿಯನ್ ಬ್ರಿಟನ್ನಿನ ವ್ಯಾಪಾರಕ್ಕೆ ದಿಗ್ಬಂಧನ ಹಾಕಿದಾಗ ಕಾಫಿ ಸಿಗದ ಫ್ರಾನ್ಸಿನವರು ಚಿಕೋರಿಯನ್ನೇ ಬಳಸಿದರು, ಆ ರುಚಿ ಅಲ್ಲಿ ಉಳಿದುಕೊಂಡಿತು. ನಮ್ಮಲ್ಲಿ ಕಾಫಿಪುಡಿಗೆ ನೂರಕ್ಕೆ 49ರವರೆಗೆ ಚಿಕೋರಿ ಸೇರಿಸಲು ಅನುಮತಿಯಿದೆ, ಪೊಟ್ಟಣದ ಮೇಲೆ ಪ್ರಮಾಣ ನಮೂದಿಸಿರಬೇಕು. ಕೆಫೀನ್ ಇಳಿಸಬೇಕೆನ್ನುವವರು ಚಿಕೋರಿ ಹೆಚ್ಚಿರುವ ಪುಡಿಯನ್ನು ಸಂಕೋಚವಿಲ್ಲದೆ ಕೊಳ್ಳಬಹುದು. ಮಧ್ಯಾಹ್ನದ ಲೋಟಕ್ಕೆ ಎರಡನೇ ಡಿಕಾಕ್ಷನ್ ಸಾಕು.

ನಮ್ಮ ನೀರು, ನಮ್ಮ ಊಟ

ಕೋಲಾರ ಜಿಲ್ಲೆಯವರು ಟೀ ಕಡಿಮೆ ಮಾಡಲು ಇನ್ನೂ ಎರಡು ಕಾರಣಗಳಿವೆ. ಇದನ್ನು ಇಲ್ಲಿ ಬರೆಯುವುದೇ ನನಗೆ ಎಲ್ಲಕ್ಕಿಂತ ಮುಖ್ಯ.

ಮೊದಲನೆಯದು ಫ್ಲೋರೈಡ್. ಆಳಕ್ಕೆ ಕೊರೆದ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚಿರುವ ಜಿಲ್ಲೆ ನಮ್ಮದು. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಸಿಗದಿದ್ದರೆ 1.5ರವರೆಗೆ ಎಂದು ಭಾರತೀಯ ಮಾನಕ ಹೇಳುತ್ತದೆ. ಇದನ್ನು ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಹಲ್ಲು ಕಂದು ಕಲೆಯಾಗುತ್ತದೆ, ಮೂಳೆ ಕೀಲುಗಳು ಬಿಗಿಯುತ್ತವೆ. ಟೀ ಗಿಡಕ್ಕೆ ಮಣ್ಣಿನಿಂದ ಫ್ಲೋರೈಡ್ ಹೀರಿ ಎಲೆಯಲ್ಲಿ ಕೂಡಿಡುವ ಗುಣವಿದೆ. ಬಲಿತ ಎಲೆಯಲ್ಲಿ ಅದು ಹೆಚ್ಚು. ನೀರಿನಲ್ಲಿರುವುದರ ಮೇಲೆ ಟೀಪುಡಿಯದೂ ಸೇರುತ್ತದೆ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಗಟ್ಟಿಯಾಗುತ್ತದೆ. ಹಳ್ಳಿಗಳ ಶುದ್ಧ ನೀರಿನ ಘಟಕದಲ್ಲಿ ನಾಣ್ಯ ಹಾಕಿ ತುಂಬಿಸಿ ತಂದ ಕ್ಯಾನನ್ನು ಕುಡಿಯುವುದಕ್ಕೆ ಮಾತ್ರ ಇಟ್ಟುಕೊಂಡು, ಟೀಗೆ ನಲ್ಲಿಯ ಕೊಳವೆಬಾವಿ ನೀರು ಹಾಕುವ ಮನೆಗಳು ಬಹಳ. ದಯವಿಟ್ಟು ಇದನ್ನು ಬದಲಿಸಿ. ಟೀ, ಕಷಾಯ, ಗಂಜಿ ಎಲ್ಲಕ್ಕೂ ಆ ಕ್ಯಾನಿನ ನೀರೇ ಆಗಲಿ. ಬೆಳೆಯುವ ಮಕ್ಕಳಿಗೆ ಟೀ ಕೊಡುವ ರೂಢಿಯಿದ್ದರೆ ನಿಲ್ಲಿಸಿ.

ಎರಡನೆಯದು ರಕ್ತಹೀನತೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಹದಿನೈದರಿಂದ ನಲವತ್ತೊಂಬತ್ತು ವಯಸ್ಸಿನ ಹೆಂಗಸರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಮಂದಿಗೆ ರಕ್ತ ಕಡಿಮೆ ಇತ್ತು. ನಮ್ಮ ಊಟದ ಕಬ್ಬಿಣಾಂಶ ಬಹುಪಾಲು ಬರುವುದು ಮುದ್ದೆ, ಬಸ್ಸಾರು, ಸೊಪ್ಪು, ಕಾಳುಗಳಿಂದ. ಗಿಡಮೂಲದ ಈ ಕಬ್ಬಿಣವನ್ನು ಮೈ ಹೀರಿಕೊಳ್ಳುವುದೇ ಕಷ್ಟ, ಟೀ ಕಾಫಿಯ ಒಗರು ಅಂಶ ಅದನ್ನು ಹಿಡಿದುಕೊಂಡು ಇನ್ನೂ ಕಡಿಮೆ ಮಾಡುತ್ತದೆ. ಊಟಕ್ಕೆ ಒಂದು ಗಂಟೆ ಮೊದಲು, ಒಂದು ಗಂಟೆ ಆದ ಮೇಲೆ ಟೀ ಕಾಫಿ ಬೇಡ ಎಂದು ಪೋಷಣೆ ಸಂಸ್ಥೆಯ ಅದೇ ಮಾರ್ಗಸೂಚಿ ಹೇಳುತ್ತದೆ. ಎಲ್ಲರಿಗೂ ಬಡಿಸಿ, ಕೊನೆಗೆ ತಾನು ಉಂಡು, ಕೈ ತೊಳೆಯುತ್ತಲೇ ಟೀ ಕುಡಿಯುವ ತಾಯಂದಿರು ಬದಲಿಸಬೇಕಾದ್ದು ಹೊತ್ತನ್ನು ಮಾತ್ರ. ಕಬ್ಬಿಣದ ಮಾತ್ರೆಯನ್ನು ಟೀ ಜೊತೆ ನುಂಗಬೇಡಿ, ನಿಂಬೆಹಣ್ಣಿನ ನೀರಿನ ಜೊತೆ ತೆಗೆದುಕೊಳ್ಳಿ. ಥೈರಾಯ್ಡ್ ಮಾತ್ರೆಯನ್ನು ಬರೀ ನೀರಿನಲ್ಲಿ ನುಂಗಿ, ಕಾಫಿಗೆ ಕನಿಷ್ಠ ಅರ್ಧ ಗಂಟೆ ಬಿಡಿ.

ಲೋಟಕ್ಕೆ ಏನು ಹಾಕುವುದು

ಬಿಟ್ಟ ಜಾಗ ಖಾಲಿ ಉಳಿದರೆ ಟೀ ಮತ್ತೆ ಬಂದು ಕೂರುತ್ತದೆ. ಯಾವ ಹೊತ್ತಿನ ಲೋಟ ಯಾಕೆ ಬೇಕಾಗಿತ್ತು ಎಂದು ನೋಡಿ ಬದಲಿ ಹುಡುಕಬೇಕು. ಸಂಜೆ ಬೇಕಾಗಿರುವುದು ಬಿಸಿ ಮತ್ತು ಖಾರ, ನಾಲ್ಕು ಗಂಟೆಗೆ ಬೇಕಾಗಿರುವುದು ಬಹಳ ಸಲ ಹೊಟ್ಟೆಗೆ ಏನಾದರೂ.

ಸಂಜೆಗೆ ಕೆಜಿಎಫ್‌ನವರು ದೂರ ಹುಡುಕಬೇಕಾಗಿಲ್ಲ. ಇಲ್ಲಿಯ ತಮಿಳು ಮನೆಗಳಲ್ಲಿ ನೆಗಡಿ ಬಂದಾಗ ಮಾಡುವ ಸುಕ್ಕು ಕಾಪಿ ಇದೆ. ಹೆಸರಿನಲ್ಲಿ ಕಾಫಿ ಇದ್ದರೂ ಅದು ಒಣಶುಂಠಿ, ಕೊತ್ತಂಬರಿ ಬೀಜದ ಕಷಾಯ. ನಾಲ್ಕು ಚಮಚ ಕೊತ್ತಂಬರಿ ಬೀಜ, ಒಂದು ಚಮಚ ಜೀರಿಗೆ, ಅರ್ಧ ಚಮಚ ಕಾಳುಮೆಣಸು, ಎರಡು ಏಲಕ್ಕಿ, ಇವನ್ನು ಬೆಚ್ಚಗೆ ಹುರಿದು, ಒಂದು ಚಮಚ ಒಣಶುಂಠಿ ಪುಡಿ ಸೇರಿಸಿ ತರಿತರಿಯಾಗಿ ಪುಡಿಮಾಡಿ ಡಬ್ಬಿಯಲ್ಲಿಡಿ. ಒಂದೂವರೆ ಲೋಟ ನೀರಿಗೆ ಒಂದು ಚಮಚ ಪುಡಿ ಹಾಕಿ ನಾಲ್ಕು ನಿಮಿಷ ಕುದಿಸಿ, ಒಂದು ಲೋಟಕ್ಕೆ ಇಳಿಸಿ, ಸ್ವಲ್ಪ ಕರುಪಟ್ಟಿ ಅಥವಾ ಬೆಲ್ಲ ಹಾಕಿ ಸೋಸಿ. ಕರುಪಟ್ಟಿ ಎಂದರೆ ತಾಳೆಬೆಲ್ಲ, ಅದರ ಕರಿಬಣ್ಣ, ಸುಟ್ಟಂಥ ಘಮ ಕಾಫಿ ಬಿಟ್ಟವರಿಗೆ ಬಹಳ ಹಿಡಿಸುತ್ತದೆ. ಹಾಲು ಬೇಕಿದ್ದರೆ ಒಲೆ ಆರಿಸಿದ ಮೇಲೆ ಕಾಯಿಸಿದ ಹಾಲು ಸೇರಿಸಿ, ಬೆಲ್ಲದ ಜೊತೆ ಕುದಿಸಿದರೆ ಒಡೆಯಬಹುದು. ಹೊಟ್ಟೆಯುರಿ ಇರುವವರು ಮೆಣಸು, ಶುಂಠಿ ಬಿಟ್ಟು ಜೀರಿಗೆ, ಕೊತ್ತಂಬರಿ ಮಾತ್ರ ಹಾಕಿಕೊಳ್ಳಲಿ. ಅಂಗಡಿಯಲ್ಲಿ ಸಿದ್ಧ ಕಷಾಯದ ಪುಡಿ ಕೊಳ್ಳುವ ರಕ್ತದೊತ್ತಡದವರು ಅದರಲ್ಲಿ ಜ್ಯೇಷ್ಠಮಧು ಇದೆಯೇ ನೋಡಿ. ದಿನವೂ ಹೆಚ್ಚಾಗಿ ಕುಡಿದರೆ ಅದು ಒತ್ತಡ ಏರಿಸುತ್ತದೆ.

ನಾಲ್ಕು ಗಂಟೆಯದಕ್ಕೆ ನನ್ನ ಮೊದಲ ಆಯ್ಕೆ ರಾಗಿ ಹುರಿಹಿಟ್ಟು. ನೆನೆಸಿ ಆರಿದ ರಾಗಿಯನ್ನು ಅರಳು ಬರುವಂತೆ ಹುರಿದು ಬೀಸಿದ ಹಿಟ್ಟು ಅದು. ಬೇಯಿಸುವ ತಾಪತ್ರಯವಿಲ್ಲ. ಸಣ್ಣ ಡಬ್ಬಿಯಲ್ಲಿ ಹಿಟ್ಟು, ಬೆಲ್ಲದ ಪುಡಿ ಒಯ್ದು, ಕೆಲಸದ ಜಾಗದಲ್ಲಿ ಬಿಸಿ ಹಾಲೋ ಬಿಸಿ ನೀರೋ ಸಿಕ್ಕರೆ ಕಲಸಿಕೊಂಡರಾಯಿತು. ಟೀ ಮತ್ತು ಎರಡು ಬಿಸ್ಕತ್ತಿಗಿಂತ ಹೊಟ್ಟೆಗೆ ಹೆಚ್ಚು ಹೊತ್ತು ಆಧಾರ. ನೂರು ಗ್ರಾಂ ರಾಗಿಯಲ್ಲಿ 350 ಮಿಲಿಗ್ರಾಂ ಆಸುಪಾಸು ಸುಣ್ಣಾಂಶವಿದೆ, ಬೇರೆ ಯಾವ ಧಾನ್ಯದಲ್ಲೂ ಇಷ್ಟಿಲ್ಲ. 2024ರ ಫೆಬ್ರವರಿಯಿಂದ ರಾಜ್ಯದ ಸರ್ಕಾರಿ ಶಾಲೆಗಳಲ್ಲಿ ವಾರಕ್ಕೆ ಮೂರು ದಿನ ಹಾಲಿನ ಜೊತೆ ರಾಗಿ ಮಾಲ್ಟ್ ಕೊಡುತ್ತಿದ್ದಾರೆ. ಮಕ್ಕಳಿಗೆ ಶಾಲೆಯಲ್ಲಿ ಅದನ್ನು ಕೊಟ್ಟು, ಮನೆಯಲ್ಲಿ ಟೀ ಕೊಡುವುದು ಯಾಕೆ? ಸಕ್ಕರೆ ಕಾಯಿಲೆಯವರು ಮಾತ್ರ ಬೆಲ್ಲ ಬಿಟ್ಟು, ಹಿಟ್ಟಿನ ಅಳತೆ ನೋಡಿಕೊಂಡು, ಮಜ್ಜಿಗೆಯಲ್ಲಿ ಕಲಸಿ ಕುಡಿಯಲಿ.

ಬೇಸಿಗೆಗೆ ಅಂಬಲಿ. ರಾಗಿಹಿಟ್ಟನ್ನು ತೆಳ್ಳಗೆ ಬೇಯಿಸಿ ಆರಿಸಿ, ಮಜ್ಜಿಗೆ, ಉಪ್ಪು, ಹೆಚ್ಚಿದ ಈರುಳ್ಳಿ, ಹಸಿಮೆಣಸು, ಕೊತ್ತಂಬರಿ ಸೊಪ್ಪು ಹಾಕಿದರೆ ಬಾಟಲಿಯಲ್ಲಿ ಒಯ್ಯಬಹುದು. ಶ್ರೀನಿವಾಸಪುರದ ಮಾವು ಬರುವ ಕಾಲದಲ್ಲಿ ಕಾಯಿ ಬೇಯಿಸಿ ಕಿವುಚಿ ಮಾಡುವ ಪಾನಕ, ಉಳಿದ ಕಾಲಕ್ಕೆ ಹುಣಸೆಹಣ್ಣಿನದು. ಇವುಗಳ ರೀತಿ ನಿಮ್ಮ ಅಜ್ಜಿಯರಿಗೆ ನನಗಿಂತ ಚೆನ್ನಾಗಿ ಗೊತ್ತು. ಮನೆಗೆ ಬಂದವರಿಗೆ ಏನು ಕೊಡುವುದು ಎನ್ನುವ ಚಿಂತೆಗೂ ಪಾನಕವೇ ಉತ್ತರ. ಬಾದಾಮಿ ಹಾಲಿನ ಬಾಟಲಿಯಲ್ಲಿ ಸಕ್ಕರೆ ಹೆಚ್ಚು, ದಿನಕ್ಕೊಂದು ಎನ್ನುವ ಅಭ್ಯಾಸ ಬೇಡ. ಕೆಫೀನ್ ತೆಗೆದ ಕಾಫಿಯೂ ಈಗ ಸಿಗುತ್ತದೆ, ದುಬಾರಿ. ರುಚಿಗೆ ಸೋತವರು ವಾರದ ಕೊನೆಗೆ ಇಟ್ಟುಕೊಳ್ಳಬಹುದು.

ಎದೆಬಡಿತ ತಪ್ಪುವುದು, ವಾರ ಕಳೆದರೂ ಇಳಿಯದ ತಲೆನೋವು, ಎಷ್ಟು ಮಲಗಿದರೂ ಹೋಗದ ದಣಿವು ಇದ್ದರೆ ಟೀ ಲೆಕ್ಕ ಬದಿಗಿಟ್ಟು ವೈದ್ಯರ ಹತ್ತಿರ ಹೋಗಿ. ದಣಿವಿನ ಹಿಂದೆ ರಕ್ತಹೀನತೆ, ಥೈರಾಯ್ಡ್, ಸಕ್ಕರೆ ಕಾಯಿಲೆ ಯಾವುದಾದರೂ ಅಡಗಿರಬಹುದು. ಟೀ ಅದನ್ನು ಮುಚ್ಚಿಟ್ಟಿರುತ್ತದೆ.

ಒಬ್ಬರೇ ಬಿಡುವುದು ಕಷ್ಟ. ದಿನಾ ಒಂದೇ ಬೋಗಿಯಲ್ಲಿ ಕೂರುವ ಗುಂಪು ಒಟ್ಟಿಗೆ ಮನಸ್ಸು ಮಾಡಿದರೆ ಅರ್ಧ ಕೆಲಸ ಆದಂತೆ. ವಾಪಸು ಬರುವಾಗ ಒಬ್ಬೊಬ್ಬರು ಒಂದೊಂದು ದಿನ ಫ್ಲಾಸ್ಕಿನಲ್ಲಿ ಜೀರಿಗೆ ಕಷಾಯ ತರಬಹುದು. ಬಂಗಾರಪೇಟೆಯಲ್ಲಿ ಇಳಿಯುವವರು ಟೀ ಅಂಗಡಿಯ ಬದಲು ಆ ಊರಿನ ಹೆಸರುವಾಸಿ ತಿಳಿನೀರಿನ ಪಾನಿಪುರಿಯ ಮುಂದೆ ನಿಂತು ಹರಟಿದರೂ ಆಯಿತು, ಆ ನೀರಿನ ಖಾರಕ್ಕೆ ನಿದ್ದೆ ಕೆಡಿಸುವ ಗುಣವಂತೂ ಇಲ್ಲ. ಟೀ ಅಂಗಡಿಯವರನ್ನು ನಾಲ್ಕೈದು ಜನ ಒಟ್ಟಿಗೆ ಕೇಳಿಕೊಂಡರೆ, ದಿನಾ ಇಷ್ಟು ಲೋಟ ಹೋಗುತ್ತದೆಂಬ ನಂಬಿಕೆ ಬಂದರೆ, ಟೀ ಪಾತ್ರೆಯ ಪಕ್ಕದಲ್ಲೇ ಒಂದು ಸುಕ್ಕು ಕಾಪಿ ಪಾತ್ರೆಯನ್ನೂ ಇಡುತ್ತಾರೆ. ಪುಡಿಯ ಅಳತೆಯನ್ನು ಅವರಿಗೂ ಬರೆದುಕೊಡಿ.